ನಮ್ಮ ಹೊಳೆಯಲ್ಲಿ ಪುಣೆಯ ಮೀನು

ಭಾನುವಾರ ನಸುಕಿಗೇ ಪುಣೆಯಿಂದ ಹೊರಟು ಪವನಾ ಅಣೆಕಟ್ಟಿನ ಹಿನ್ನೀರಿಗೆ ಕಯಾಕ್ ಇಳಿಸುವುದು ನನ್ನ ಆರು ವರ್ಷಗಳ ಅಭ್ಯಾಸ. ವಾರವೆಲ್ಲ ಕೋಡ್, ಭಾನುವಾರ ಗಾಳ. ನನ್ನದು ಫ್ಲೈ ಫಿಶಿಂಗ್. ಎರೆಹುಳು, ಹಿಟ್ಟಿನುಂಡೆ ಇದರಲ್ಲಿಲ್ಲ. ಗಾಳಕ್ಕೆ ಗರಿ, ನೂಲು ಸುತ್ತಿ ಮಾಡಿದ ಹುಸಿ ಹುಳುವೇ ಎರೆ. ಅದಕ್ಕೆ ತೂಕವಿಲ್ಲ, ದಪ್ಪ ದಾರದ ಭಾರದಿಂದಲೇ ಬೀಸಿ ಎಸೆಯಬೇಕು. ಸಿಕ್ಕ ಮೀನನ್ನು ಮತ್ತೆ ನೀರಿಗೇ ಬಿಡುತ್ತೇನೆ. ‘ತಿನ್ನೋದಿಲ್ಲ, ಮಾರೋದಿಲ್ಲ, ಬಿಡೋಕೆ ಅಷ್ಟು ದೂರ ಹೋಗ್ತೀಯಾ?’ ಎಂದು ಮಳವಳ್ಳಿಯಿಂದ ಅವ್ವ ಫೋನಿನಲ್ಲಿ ನಗುತ್ತಾಳೆ.

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಮೀನು ಸಿಕ್ಕಿತು. ಬೆಳ್ಳಿ ಮೈ, ನೀಲಿ ಛಾಯೆಯ ರೆಕ್ಕೆ. ಫೋಟೊವನ್ನು ಊರಿನ ಸೋದರಮಾವನಿಗೆ ಕಳಿಸಿದೆ. ಮಾವ ಒಂದು ಕಾಲಕ್ಕೆ ಮುತ್ತತ್ತಿ ಕಡೆಯ ಗಾಳದ ಕ್ಯಾಂಪುಗಳಲ್ಲಿ ಹರಿಗೋಲು ಹಾಕುತ್ತಿದ್ದವರು, ರಾಗಿ ಹಿಟ್ಟಿನ ಉಂಡೆ ಕಟ್ಟಿ ಮಹಶೀರ್ ಹಿಡಿಸುತ್ತಿದ್ದವರು. ‘ಇದು ನಮ್ ಹೊಳೇಲೂ ಐತೆ ಕಣಪ್ಪ. ಆದ್ರೆ ಹಳೇ ಬಿಳಿಮೀನು ಇದಲ್ಲ. ಅದರ ಬೆನ್ನು ಗೂನು, ಮೈ ಬಂಗಾರ’ ಎಂದರು.

ಮಾವನ ಮಾತನ್ನು ಹಿಡಿದು ಓದಲು ಕೂತೆ. ಸಿಕ್ಕಿದ್ದು ನೀಲಿ ರೆಕ್ಕೆಯ ಮಹಶೀರ್. 1839ರಲ್ಲಿ ಸೈಕ್ಸ್ ಎಂಬ ಅಧಿಕಾರಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಇದೇ ಪುಣೆಯ ಮುಳಾ–ಮುಠಾ ನದಿಯ ಮೀನಿನಿಂದ. ಈ ನೀರು ಭೀಮೆಯ ಮೂಲಕ ಕೃಷ್ಣೆ ಸೇರುತ್ತದೆ. ಕಾವೇರಿಗೂ ಇದಕ್ಕೂ ಸಂಬಂಧವಿಲ್ಲ. ಸಂಬಂಧ ಬೆಸೆದವರು ಮನುಷ್ಯರು. ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿ 1970ರ ದಶಕದಲ್ಲಿ ಮಹಶೀರ್ ಮರಿ ಮಾಡಲು ಆರಂಭಿಸಿತು. ಆ ಮರಿಗಳನ್ನು ಬೇರೆ ರಾಜ್ಯಗಳ ನದಿಗಳಿಗೂ ಬಿಟ್ಟರು, ಕಾವೇರಿಗೂ ಬಿಟ್ಟರು. ಉದ್ದೇಶ ಒಳ್ಳೆಯದೇ: ಮಹಶೀರ್ ಉಳಿಯಲಿ ಎಂದು. ಕಾವೇರಿ ಸೀಮೆಯ ನಾನು ಮುಠಾ ತೀರಕ್ಕೆ ಬಂದೆ, ಮುಠಾ ತೀರದ ಮೀನು ಕಾವೇರಿಗೆ ಹೋಯಿತು. ವ್ಯತ್ಯಾಸವಿಷ್ಟೇ, ನಾನು ಕೆಲಸ ಹುಡುಕಿ ಬಂದೆ, ಅದನ್ನು ಯಾರೂ ಕೇಳಲಿಲ್ಲ.

ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಸಾಮಾನ್ಯ ಮೀನಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಬೇಟೆಗಾರರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತು. ಅಂದರೆ 54 ಕಿಲೊ. ಇಂಥ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ಸಿಕ್ಕಿದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಅದು ಕಳೆದುಹೋಗುತ್ತಿದೆ ಎಂದು ಗೊತ್ತಾದದ್ದು ಹೇಗೆ? ಗಾಳಗಾರರ ಲೆಕ್ಕದ ಪುಸ್ತಕದಿಂದ. ಗಾಳಿಬೋರೆ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಬಣ್ಣದ ಮೀನು, ಎಷ್ಟು ತೂಕ ಎಂದು ಬರೆದಿಟ್ಟಿದ್ದರು. ಹಿಡಿದು ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ದಾಖಲೆ ಅದು. ಒಟ್ಟು ಸಂಖ್ಯೆ ನೋಡಿದರೆ ಮೀನು ಹೆಚ್ಚಾಗುತ್ತಲೇ ಇತ್ತು. ಆದರೆ ಹೆಚ್ಚಿದ್ದು ನೀಲಿ ರೆಕ್ಕೆಯದು, ಕುಸಿದದ್ದು ಗೂನುಬೆನ್ನಿನದು. ನಮ್ಮ ಕೆಲಸದಲ್ಲೂ ಇದನ್ನು ನೋಡಿದ್ದೇನೆ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರಾಗಿರುತ್ತದೆ, ಲಾಗ್ ತೆರೆದರೆ ಒಳಗೆ ಏನೋ ಸಾಯುತ್ತಿರುತ್ತದೆ.

ವನ್ಯಜೀವಿ ಧಾಮದೊಳಗೆ ಗಾಳದ ಆಟ ನಿಂತಿತು. ಕಾನೂನಿನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಗಾಳದ ಜೊತೆ ಲೆಕ್ಕವೂ ನಿಂತಿತು, ಮಾವನಂಥವರ ಕಣ್ಣೂ ಹೊಳೆಯಿಂದ ದೂರವಾಯಿತು. ತೋಟೆ ಸಿಡಿಸಿ ಮೀನು ಹೊಡೆಯುವವರಿಗೆ ಪರವಾನಗಿಯೂ ಬೇಡ, ಪುಸ್ತಕವೂ ಬೇಡ.

ಮೋಜಿಗಾಗಿ ಜೀವಕ್ಕೆ ನೋವು ಕೊಡಬೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕಲಿಯುವ ದಿನಗಳಲ್ಲಿ ಒಂದು ಮೀನನ್ನು ಫೋಟೊಕ್ಕಾಗಿ ಬಹಳ ಹೊತ್ತು ನೀರಿನಿಂದ ಎತ್ತಿ ಹಿಡಿದಿದ್ದೆ. ಬಿಟ್ಟ ಮೇಲೆ ಅದು ಹೊಟ್ಟೆ ಮೇಲೆ ಮಾಡಿ ತೇಲಿತು. ಅಂದಿನಿಂದ ಗಾಳದ ಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡುತ್ತೇನೆ, ಒದ್ದೆ ಕೈಯಲ್ಲಿ ಮುಟ್ಟುತ್ತೇನೆ, ನೀರೊಳಗೇ ಬಿಡಿಸುತ್ತೇನೆ. ‘ಹಿಡಿದು ಬಿಡುವುದು’ ತನ್ನಷ್ಟಕ್ಕೆ ಪುಣ್ಯವಲ್ಲ.

ಹಾಗಾಗಿ ರೆಸಾರ್ಟುಗಳಿಗೆ ಹೊಳೆ ಬಿಟ್ಟುಕೊಡಿ ಎಂದು ನಾನು ಕೇಳುತ್ತಿಲ್ಲ. ಮೀನಿನ ಗಣತಿಗಾಗಿ, ಮೊಟ್ಟೆ ಇಡುವ ಕಾಲ ಬಿಟ್ಟು, ವಿಜ್ಞಾನಿಗಳ ನಿಗಾದಲ್ಲಿ, ಮುಳ್ಳಿಲ್ಲದ ಗಾಳದಲ್ಲಿ ಕೆಲವೇ ಜನಕ್ಕೆ ಅವಕಾಶವಿರಲಿ. ಹರಿಗೋಲು ಊರಿನವರದಿರಲಿ, ಕೂಲಿ ಅವರಿಗೆ ಸಿಗಲಿ. ಪುಸ್ತಕ ಎಲ್ಲರೂ ಓದುವಂತಿರಲಿ. ಅದಕ್ಕಿಂತ ಮೊದಲು, ಯಾವ ಹೊಳೆಯ ಮೀನು ಎಂದು ನೋಡದೆ ಮರಿ ತಂದು ಸುರಿಯುವುದು ನಿಲ್ಲಲಿ. ಮಹಶೀರ್ ಎಂಬ ಹೆಸರೊಂದೇ ಸಾಲದು.

ಮೊನ್ನೆ ಮಾವನನ್ನು ಕೇಳಿದೆ, ಕೊನೆಯ ಸಲ ಗೂನುಬೆನ್ನಿನದನ್ನು ನೋಡಿದ್ದು ಯಾವಾಗ ಎಂದು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವಾಗ ಬರ್ಕೋತಿದ್ರು ಕಣಪ್ಪ. ಈಗ ಯಾರ್ ಬರೀತಾರೆ?’ ಎಂದರು.