ಅಲೆಕ್ಸಾಂಡರ್ ಸತ್ತ ಮೇಲೆ

ನಮ್ಮ ತರಗತಿಗಳಲ್ಲಿ ಗ್ರೀಕರ ಚರಿತ್ರೆ ಕ್ರಿ.ಪೂ. 323ಕ್ಕೆ ಮುಗಿದುಬಿಡುತ್ತದೆ. ಅಲೆಕ್ಸಾಂಡರ್ ಬಂದ, ಪೋರಸನನ್ನು ಗೆದ್ದ, ಹಿಂದಿರುಗುವಾಗ ಬ್ಯಾಬಿಲೋನಿನಲ್ಲಿ ಸತ್ತ. ಅವನ ಸೇನಾಪತಿಗಳು ಸಾಮ್ರಾಜ್ಯವನ್ನು ಹಂಚಿಕೊಂಡು ಕಟ್ಟಿದ ರಾಜ್ಯಗಳ ಕಥೆ ಒಂದು ಸಾಲಿಗೆ ಇಳಿಯುತ್ತದೆ. 'ದಾಂಡೇಲಿ, ಹಳಿಯಾಳ, ಜೋಯಿಡಾದ ಹುಡುಗರಿಗೆ ಈಜಿಪ್ಟಿನ ಟಾಲೆಮಿಯನ್ನು ಕಟ್ಟಿಕೊಂಡು ಏನಾಗಬೇಕಿದೆ? ಮೊದಲು ನಮ್ಮ ಚರಿತ್ರೆ ಓದಲಿ' ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ.

ಸರಿ, ನಮ್ಮ ಚರಿತ್ರೆಯಿಂದಲೇ ಶುರುಮಾಡೋಣ. ಕರ್ನಾಟಕದಲ್ಲಿ ಸಿಕ್ಕಿರುವ ಅತಿ ಹಳೆಯ ಶಾಸನಗಳು ಮಸ್ಕಿ, ಕೊಪ್ಪಳ, ಬ್ರಹ್ಮಗಿರಿಗಳ ಅಶೋಕನ ಶಾಸನಗಳು. ಅವು ಕ್ರಿ.ಪೂ. ಮೂರನೆಯ ಶತಮಾನದವು ಎಂದು ಎಲ್ಲರೂ ಬಾಯಿಪಾಠ ಒಪ್ಪಿಸುತ್ತೇವೆ. ಹಾಗೆಂದು ಗೊತ್ತಾದದ್ದು ಹೇಗೆ? ಅಶೋಕ ತನ್ನ 13ನೆಯ ಬಂಡೆಶಾಸನದಲ್ಲಿ ಐವರು ಯವನ ಅರಸರನ್ನು ಹೆಸರಿಸುತ್ತಾನೆ: ಸಿರಿಯಾದ ಆಂಟಿಯೋಕಸ್, ಈಜಿಪ್ಟಿನ ಟಾಲೆಮಿ, ಮೆಸಿಡೋನಿಯಾದ ಆಂಟಿಗೋನಸ್, ಸಿರೀನಿನ ಮಗಾಸ್ ಮತ್ತು ಇನ್ನೊಬ್ಬ ಅಲೆಕ್ಸಾಂಡರ್. ಈ ಐವರೂ ಒಟ್ಟಿಗೆ ಆಳುತ್ತಿದ್ದ ವರ್ಷಗಳು ಕೆಲವೇ ಕೆಲವು. ಅಶೋಕನ ಕಾಲವನ್ನು ನಿಗದಿಪಡಿಸಲು ಇರುವ ಮುಖ್ಯ ಆಧಾರಗಳಲ್ಲಿ ಇದೊಂದು. ಅಂದರೆ ಮಸ್ಕಿಯ ಬಂಡೆಯ ವಯಸ್ಸು ತಿಳಿಯಲು ಮಗಾಸನ ಸಾವಿನ ಲೆಕ್ಕವೂ ಬೇಕು. ಆ ಅರಸರನ್ನು 'ಪರದೇಶದ ಪಾಠ' ಎಂದು ಬದಿಗಿಟ್ಟರೆ ನಮ್ಮ ಪಾಠವೂ ಅಲುಗಾಡುತ್ತದೆ.

'ಅದು ಅಶೋಕನ ಜಂಬ, ಅವನ ಧರ್ಮವಿಜಯದ ಸುದ್ದಿಯೇ ಗ್ರೀಕ್ ಗ್ರಂಥಗಳಲ್ಲಿಲ್ಲ' ಎಂಬ ಆಕ್ಷೇಪವಿದೆ. ಜಂಬವೇ ಇರಲಿ. ಆದರೆ ಹೆಸರುಗಳು ತಪ್ಪಿಲ್ಲ. ಅಷ್ಟು ದೂರದ ಆಸ್ಥಾನಗಳಲ್ಲಿ ಯಾರು ಆಳುತ್ತಿದ್ದಾರೆಂದು ಪಾಟಲಿಪುತ್ರಕ್ಕೆ ಗೊತ್ತಿತ್ತು. 2ನೆಯ ಶಾಸನವಂತೂ ಚೋಳ, ಪಾಂಡ್ಯ, ಕೇರಳಪುತ್ರರ ಜೊತೆಯಲ್ಲೇ ಆಂಟಿಯೋಕಸನನ್ನೂ ನೆರೆಯವರ ಸಾಲಿನಲ್ಲಿ ಕೂರಿಸುತ್ತದೆ.

ಇನ್ನು ನಮ್ಮ ಸೀಮೆಯ ಮಾತು. ಮುಂಡಗೋಡದ ನೆರೆಯ ಶಿರಸಿ ತಾಲ್ಲೂಕಿನಲ್ಲೇ ಬನವಾಸಿ ಇದೆ. ಅಶೋಕನ ಕಾಲದಲ್ಲಿ ರಕ್ಖಿತ ಎಂಬ ಭಿಕ್ಷು ವನವಾಸಕ್ಕೂ ಮಹಾರಕ್ಖಿತ ಯವನ ದೇಶಕ್ಕೂ ಹೋದರೆಂದು ಸಿಂಹಳದ 'ಮಹಾವಂಸ' ಹೇಳುತ್ತದೆ. ಆ ವನವಾಸ ನಮ್ಮ ಬನವಾಸಿಯೇ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಗ್ರಂಥ ರಚನೆಯಾದದ್ದು ಏಳೆಂಟು ಶತಮಾನಗಳ ನಂತರ, ಹಾಗಾಗಿ ಕಣ್ಣುಮುಚ್ಚಿ ನಂಬಬೇಕಿಲ್ಲ. ಆದರೂ ಬನವಾಸಿಯನ್ನೂ ಯವನ ದೇಶವನ್ನೂ ಒಂದೇ ಪಟ್ಟಿಯಲ್ಲಿ ಬರೆಯಲು ಆ ಭಿಕ್ಷುಗಳಿಗೆ ಸಂಕೋಚವಾಗಲಿಲ್ಲ. ಸಂಕೋಚ ಇರುವುದು ನಮಗೆ.

ದಂಡೆತ್ತಿ ಬಂದವನ ಹೆಸರು, ಅವನ ಕುದುರೆಯ ಹೆಸರು ಸಹ ನೆನಪಿದೆ. ದೂತರನ್ನು, ಔಷಧಿಯನ್ನು ಕಳಿಸಿದ್ದೇನೆಂದು ಅಶೋಕ ಹೇಳಿಕೊಂಡ ಅರಸರ ಹೆಸರು ನೆನಪಿಲ್ಲ. ಹಳಿಯಾಳದ ತರಗತಿಯಲ್ಲಿ ಮೇಷ್ಟ್ರು ಈ ಪಾಠವನ್ನು ಮಸ್ಕಿ ಮತ್ತು ಬನವಾಸಿಯಿಂದ ಶುರುಮಾಡಲಿ. ಆಗ ಟಾಲೆಮಿ ಯಾರೆಂದು ಹುಡುಗರೇ ಕೇಳುತ್ತಾರೆ.