ಉಗ್ರಾಣದ ಬೀಗದಕೈ ಬಾಗಿಲಲ್ಲೇ ಹಂಚಬೇಕಾ?

ಹೋದ ದೀಪಾವಳಿಗೆ ಕಡೂರು ಕಡೆಯ ನಮ್ಮೂರು ಚೌಳಹಿರಿಯೂರಿಗೆ ಹೋಗಿದ್ದೆ. ಹಬ್ಬದೂಟ ಮುಗಿದಿದ್ದೇ ತಡ, ಅಣ್ಣ ಲ್ಯಾಪ್‌ಟಾಪ್ ತಂದು ಮುಂದಿಟ್ಟ. ಪಿಯುಸಿ ಓದೋ ಮಗ ಯಾವುದೋ ಗೇಮಿನ ಕ್ರ್ಯಾಕ್ ಇಳಿಸಿದ್ದಾನೆ. ವಿಂಡೋಸ್ ಒಪ್ಪಿಗೆ ಕೇಳಿದೆ, ಇವನು 'ಯೆಸ್' ಒತ್ತಿದ್ದಾನೆ. ಅಷ್ಟೇ! ತೆಂಗಿನ ತೋಟದ ಹತ್ತು ವರ್ಷದ ಲೆಕ್ಕ, ತೀರಿಕೊಂಡ ಅಪ್ಪನ ಫೋಟೋಗಳು... ಎಲ್ಲಕ್ಕೂ ಬೀಗ. ದುಡ್ಡು ಕೊಟ್ಟರೆ ತೆಗೀತೀವಿ ಅಂತ ಒಂದು ಚೀಟಿ ಬೇರೆ.

ಎಲ್ಲರೂ ಹುಡುಗನನ್ನ ಬೈದರು. ನಾನು ಬೈಯೋದು ಇನ್‌ಸ್ಟಾಲರನ್ನ. ಆ ಯಂತ್ರದಲ್ಲಿ ಇದ್ದಿದ್ದು ಒಂದೇ ಖಾತೆ, ಮನೆಮಂದಿಗೆಲ್ಲ ಅದೇ, ಅದೂ ಅಡ್ಮಿನಿಸ್ಟ್ರೇಟರ್. ಅಣ್ಣ ಆ ಅಧಿಕಾರ ಕೇಳಿರಲಿಲ್ಲ ಸ್ವಾಮೀ, ತಾನಾಗೇ ಬಂದಿತ್ತು.

ಇದು ಹಳೇ ಚಾಳಿ. 2001ರ ಎಕ್ಸ್‌ಪಿ ಇನ್‌ಸ್ಟಾಲ್ ಮಾಡುವಾಗ ಐದು ಜನರ ಹೆಸರು ಕೊಡಬಹುದಿತ್ತು. ಐವರೂ ಅಡ್ಮಿನ್‌ಗಳೇ, ಪಾಸ್‌ವರ್ಡೂ ಇಲ್ಲ! ಆಗ ನಮಗೂ ಒಂದು ನೆಪ ಇತ್ತು ಅನ್ನಿ. ಒತ್ತಕ್ಷರ ಸರಿಯಾಗಿ ಕಾಣಬೇಕಾದರೆ ಸಿಡಿ ಹಾಕಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಫೈಲುಗಳನ್ನ ಸೇರಿಸಬೇಕಿತ್ತು, ಅದಕ್ಕೆ ಅಡ್ಮಿನ್ ಆಗಿರಲೇಬೇಕಿತ್ತು. 2007ರಲ್ಲಿ ವಿಸ್ಟಾ ಬಂದ ಮೇಲೆ ಕನ್ನಡ ಜೊತೆಗೇ ಬರುತ್ತೆ, ಆ ನೆಪ ಸತ್ತಿದೆ. ವಿಸ್ಟಾ ಒಪ್ಪಿಗೆ ಕೇಳೋದನ್ನೂ ಶುರು ಮಾಡಿತು, ನಿಜ. ಆದರೆ ಮೊದಲ ಖಾತೆ ವಿಂಡೋಸ್ 11ರಲ್ಲೂ ಅಡ್ಮಿನ್ನೇ. ಅಡ್ಮಿನ್‌ಗೆ ಬರೀ 'ಯೆಸ್' ಒತ್ತಿದರೆ ಸಾಕು. ಸ್ಟ್ಯಾಂಡರ್ಡ್ ಖಾತೆಗಾದರೆ ಅಡ್ಮಿನ್‌ನ ಪಾಸ್‌ವರ್ಡ್ ಬೇಕು. ವ್ಯತ್ಯಾಸ ಇರೋದೇ ಅಲ್ಲಿ.

ಲಿನಕ್ಸ್ ಮಿತ್ರರೇ, ಬೀಗಬೇಡಿ. ಉಬುಂಟು ಕೂಡ ಮೊದಲ ಬಳಕೆದಾರನಿಗೇ ಸುಡೋ ಅಧಿಕಾರ ಕೊಡುತ್ತೆ. ಪಾಸ್‌ವರ್ಡ್ ಕೇಳುತ್ತೆ ಅನ್ನೋದೊಂದೇ ಸಮಾಧಾನ. ಡೆಬಿಯನ್ ಮಾತ್ರ ರೂಟ್‌ಗೊಂದು ಪಾಸ್‌ವರ್ಡ್ ಕೊಟ್ಟರೆ ಮಾಮೂಲಿ ಖಾತೆಯನ್ನ ಮಾಮೂಲಿಯಾಗೇ ಇಡುತ್ತೆ. ಅಂದ್ರೆ ಮಾಡೋಕೆ ಆಗುತ್ತೆ, ಮನಸ್ಸಿಲ್ಲ ಅಷ್ಟೇ.

"ನನ್ನ ಯಂತ್ರ, ನಾನೇ ಯಜಮಾನ" ಅಂತೀರಾ? ಯಜಮಾನ ಅಂತ ಉಗ್ರಾಣದ ಬಾಗಿಲು ತೆಗೆದಿಟ್ಟು ಮಲಗ್ತೀರಾ? ಸ್ಟ್ಯಾಂಡರ್ಡ್ ಖಾತೆ ಸರ್ವರೋಗಕ್ಕೆ ಮದ್ದಲ್ಲ. ಹುಡುಗನಿಗೆ ಬೇರೆ ಸ್ಟ್ಯಾಂಡರ್ಡ್ ಖಾತೆ ಇದ್ದಿದ್ದರೂ ಅವನ ಫೈಲುಗಳು ಹೋಗಬಹುದಿತ್ತು. ಆದರೆ ಅಣ್ಣನ ಫೋಲ್ಡರಿಗೆ ಕೈ ಹಾಕೋದು ಸುಲಭವಾಗುತ್ತಿರಲಿಲ್ಲ.

ಇನ್‌ಸ್ಟಾಲ್ ಆಗುವಾಗಲೇ ಎರಡು ಖಾತೆ ಮಾಡಿಸಿ: ಒಂದು ಬೀಗದಕೈಗೆ, ಒಂದು ದಿನಬಳಕೆಗೆ. ನಾನು ಕೇಳೋದು ಇಷ್ಟೇ. ಅಲ್ಲೀತನಕ ಈ ಕೆಲಸ ನಾವೇ ಮಾಡ್ಕೋಬೇಕು. ಇವತ್ತೇ ಹೊಸದೊಂದು ಅಡ್ಮಿನ್ ಖಾತೆ ಮಾಡಿ, ಆಮೇಲೆ ನಿಮ್ಮದನ್ನ ಸ್ಟ್ಯಾಂಡರ್ಡ್‌ಗೆ ಇಳಿಸಿ. ಮಕ್ಕಳಿಗೆ ಬೇರೆ ಖಾತೆ ಕೊಡಿ.

ಅಪ್ಪನ ಫೋಟೋಗಳು ವಾಪಸ್ ಬರಲಿಲ್ಲ. ನಿಮ್ಮ ಮನೆಯವಾದರೂ ಉಳೀಲಿ.