ಆಡು ಮುಟ್ಟದ ಸೊಪ್ಪು

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಆದರೆ ಆ ಗಾದೆಗೆ ನಮ್ಮ ಹಿತ್ತಿಲ ಬೇಲಿಯಲ್ಲೇ ಒಂದು ಅಪವಾದವಿದೆ. ಅದೇ ಆಡುಸೋಗೆ. ಸೋಲಾಪುರದ ಕಡೆ ಇದು ಅಡುಳಸಾ, ಕಾಸರಗೋಡಿನ ಮಲಯಾಳಿಗಳಿಗೆ ಆಡಲೋಡಗಂ, ತಾಳವಾಡಿಯ ತಮಿಳರಿಗೆ ಆಡಾತೊಡೈ, ಅಂದರೆ ಆಡು ಮುಟ್ಟದ್ದು. ಈ ಹೆಸರನ್ನೇ 1753ರಲ್ಲಿ ಲಿನೇಯಸ್ ಎಂಬ ಸಸ್ಯಶಾಸ್ತ್ರಜ್ಞರು ತಮ್ಮ ಗ್ರಂಥಕ್ಕೆ ಸೇರಿಸಿದರು.

ಆಡು ಮುಟ್ಟದಿರಲು ಕಾರಣ ಎಲೆಯ ಕಹಿ. ಅದರಲ್ಲಿರುವ ವಾಸಿಸಿನ್ ಎಂಬ ಸತ್ವವನ್ನು 1888ರಲ್ಲಿ ಬೇರ್ಪಡಿಸಿದವರು ಉದಕಮಂಡಲದಲ್ಲಿ ಸರಕಾರಿ ಹುದ್ದೆಯಲ್ಲಿದ್ದ ಡೇವಿಡ್ ಹೂಪರ್. ಇಂಥ ಸತ್ವಗಳು ಗಿಡಕ್ಕೆ ಕಾವಲು ಇದ್ದಂತೆ. ಹುಳವೂ ಬೂಷ್ಟೂ ಹತ್ತದಿರಲೆಂದು ಹಿಂದಿನವರು ಹಣ್ಣಿನ ನಡುವೆ ಈ ಎಲೆ ಹಾಸುತ್ತಿದ್ದರು. ಎಲೆಯ ಸಾರವು ಹಲವು ರೋಗಾಣುಗಳ ಬೆಳವಣಿಗೆಯನ್ನು ತಡೆಯುವುದನ್ನು ಪ್ರಯೋಗಶಾಲೆಗಳಲ್ಲಿಯೂ ಕಂಡಿದ್ದಾರೆ.

ಹಾಗೆಂದು ಕಷಾಯ ಕುಡಿದರೆ ಎದೆಯೊಳಗಿನ ರೋಗಾಣು ಸಾಯುವುದೇ? ಬಂಧುಗಳೇ, ಇಲ್ಲಿ ವ್ಯಾಪಾರಿಯ ಬುದ್ಧಿ ಬೇಕು. ಮಾದರಿ ನೋಡಿ ಮೆಚ್ಚಿದರೂ ತೂಕ ಮಾಡದೆ ನಾವು ಮಾಲು ಕೊಳ್ಳುವುದಿಲ್ಲ. ಪ್ರಯೋಗಶಾಲೆಯ ಗಾಜಿನ ತಟ್ಟೆ ಮಾದರಿ ಮಾತ್ರ. ಎಲೆಯ ಸತ್ವವೋ ಗಿಡದಿಂದ ಗಿಡಕ್ಕೆ, ಋತುವಿನಿಂದ ಋತುವಿಗೆ ಬೇರೆ; ಅದರ ತೂಕ ಯಾರಿಗೂ ತಿಳಿಯದು. ವಾಸಿಸಿನ್ ಮಾದರಿಯಲ್ಲಿ ತಯಾರಾದ ಬ್ರೋಮ್‌ಹೆಕ್ಸಿನ್ ಇಂದು ಅನೇಕ ಕೆಮ್ಮಿನ ಸಿರಪ್‌ಗಳಲ್ಲಿದೆ. ಅದರ ಕೆಲಸವೂ ಕಫ ಸಡಿಲಿಸುವುದೇ ಹೊರತು ರೋಗ ಕೀಳುವುದಲ್ಲ.

ನಮ್ಮ ಬಂಧುಗಳ ಮನೆಯಲ್ಲಿ ಹಿರಿಯರೊಬ್ಬರು ಮೂರು ತಿಂಗಳು ಈ ಕಷಾಯವನ್ನೇ ಕುಡಿದರು. ಕಫ ಸಡಿಲಾಗುತ್ತಿತ್ತು, ಆದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಮೈ ಇಳಿದ ಮೇಲೆ ಕಫ ಪರೀಕ್ಷೆ ಮಾಡಿಸಿದರೆ ಕ್ಷಯ! ಮಗ್ಗುಲಲ್ಲೇ ಮಲಗುತ್ತಿದ್ದ ಮೊಮ್ಮಗುವನ್ನೂ ತಪಾಸಣೆಗೆ ಒಯ್ಯಬೇಕಾಯಿತು. ಆರು ತಿಂಗಳು ತಪ್ಪದೆ ಮಾತ್ರೆ ನುಂಗಿ ಹಿರಿಯರು ಗುಣವಾದರು. ಪುಣ್ಯಕ್ಕೆ ಮಗುವಿಗೆ ಏನೂ ಆಗಿರಲಿಲ್ಲ.

ಆದ್ದರಿಂದ ನಾವು ಹೇಳುವುದಿಷ್ಟು. ನೆಗಡಿಯ ಕೆಮ್ಮಿಗೆ ದೊಡ್ಡವರು ನಾಲ್ಕು ದಿನ ಕಷಾಯ ಕುಡಿಯಲಿ. ಜೇನು ನಮಗೆ ವರ್ಜ್ಯ; ಬೆಲ್ಲವೋ ಕಲ್ಲುಸಕ್ಕರೆಯೋ ಸಾಕು. ಬಸುರಿಯರಿಗೆ ಮಾತ್ರ ಕೊಡಲೇಬಾರದು, ವಾಸಿಸಿನ್ ಗರ್ಭಕೋಶವನ್ನು ಸಂಕುಚಿಸುವ ಗುಣವುಳ್ಳದ್ದು. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿರಿ. ಗಡಿಯ ಯಾವ ಬದಿಯಲ್ಲಿದ್ದರೂ ಸರಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ, ಔಷಧ ಎರಡೂ ಉಚಿತ. ನಾಲ್ಕು ಜನ ಏನೆಂದಾರು ಎಂಬ ಸಂಕೋಚಕ್ಕೆ ಮನೆಯ ಮಕ್ಕಳನ್ನು ಒತ್ತೆಯಿಡಬೇಡಿ.